ವಿಳಾಸಕ್ಕೂ ಮುಂಚೆ

ಚೀಟಿ ಮೇಡಂ ಎಂದು ಅವರಿಗೆ ಹೆಸರಿಟ್ಟವರು ಯಾರೋ ತಿಳಿಯದು. ಹೆಸರು ಮಾತ್ರ ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು. ಆಫೀಸಿನ ಒಂದು ಇಡೀ ಗೋಡೆಗೆ ಬಿಳಿ ಬೋರ್ಡು, ಬೋರ್ಡಿನ ತುಂಬ ಹಳದಿ ಚೀಟಿ, ಚೀಟಿಗೊಂದು ಕೆಲಸ. ಎಡಗಡೆಯ ಅಂಕಣ ‘ಮಾಡಬೇಕು’, ನಡುವಿನದು ‘ಮಾಡ್ತಾ ಇದ್ದೀವಿ’, ಬಲಗಡೆಯದು ‘ಮುಗೀತು’. ದಿನಾ ಬೆಳಿಗ್ಗೆ ಒಂಬತ್ತೂವರೆಗೆ ತಂಡದವರು ಬೋರ್ಡಿನ ಮುಂದೆ ನಿಂತು, ನಿನ್ನೆ ಏನಾಯಿತು, ಇವತ್ತು ಏನಾಗಬೇಕು, ಏನು ಅಡ್ಡ ಬಂದಿದೆ ಎಂದು ಹೇಳಿ ಹದಿನೈದು ನಿಮಿಷದಲ್ಲಿ ಚದುರಬೇಕು. ಕೂರುವ ಹಾಗಿಲ್ಲ. ಕೂತರೆ ಮಾತು ಬೆಳೆಯುತ್ತದೆ ಎಂಬುದು ಮೇಡಂ ಅವರ ಅನುಭವ. ಅವರ ಅನುಭವವನ್ನು ಅಲ್ಲಗಳೆಯುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ನಾಲ್ಕನೆಯ ಅಂಕಣವೂ ಒಂದಿತ್ತು, ಬೋರ್ಡಿನ ತೀರಾ ಕೆಳಗೆ, ಸೊಂಟ ಬಗ್ಗಿಸಿದರೆ ಮಾತ್ರ ಕಾಣುವ ಜಾಗದಲ್ಲಿ: ‘ನಂತರ’. ಈಗ ಬೇಡ, ಆಮೇಲೆ ನೋಡೋಣ ಎನ್ನಿಸಿಕೊಂಡ ಚೀಟಿಗಳೆಲ್ಲ ಅಲ್ಲಿಗೆ ಹೋಗುತ್ತಿದ್ದವು. ಅಲ್ಲಿಗೆ ಹೋದ ಚೀಟಿ ತಿರುಗಿ ಮೇಲೆ ಬಂದದ್ದನ್ನು ಕಂಡವರಿಲ್ಲ.

ತಂಡ ದೊಡ್ಡದೇನಲ್ಲ, ಮೇಡಂ ಬಿಟ್ಟರೆ ಮೂವರು. ಏನು ಕೇಳಿದರೂ ಮೊದಲು ‘ಆಯ್ತು’ ಎಂದುಬಿಟ್ಟು, ಆಗುತ್ತದೋ ಇಲ್ಲವೋ ಎಂದು ಆಮೇಲೆ ಯೋಚಿಸುವ ಪ್ರೋಗ್ರಾಮರ್ ಒಬ್ಬ. ಅವನಿಗೆ ಆಯ್ತಪ್ಪ ಎಂದೇ ಹೆಸರು ಬಿದ್ದಿತ್ತು. ಪರದೆಯ ಮೇಲೆ ಯಾವುದು ಎಲ್ಲಿ ಕಾಣಬೇಕೆಂದು ರೂಪಿಸುವವಳು ವಾರಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಅವಳು ಮೌನಿ. ಇವರಿಬ್ಬರೂ ಮಾಡಿದ್ದನ್ನು ಪರೀಕ್ಷಿಸಿ ತಪ್ಪು ಹುಡುಕುವವಳು ಕೊಕ್ಕೆ. ಹಾಗೆ ಕರೆದರೆ ಅವಳಿಗೆ ಬೇಸರವಿಲ್ಲ. ಕೊಕ್ಕೆ ಹಾಕುವುದಕ್ಕೇ ತನಗೆ ಸಂಬಳ ಎನ್ನುತ್ತಿದ್ದಳು.

ಎಂಟು ತಿಂಗಳಿಂದ ಇವರು ಮಾಡುತ್ತಿದ್ದದ್ದು ನಗರದ ತುರ್ತು ಕರೆ ಕೊಠಡಿಯ ಹೊಸ ಸಾಫ್ಟ್‌ವೇರ್. ಯಾರಿಗಾದರೂ ಎದೆನೋವು ಬಂದರೆ, ಯಾರಾದರೂ ಮೆಟ್ಟಿಲಿಂದ ಉರುಳಿದರೆ ಜನ ಫೋನ್ ಮಾಡುವುದು ಆ ಕೊಠಡಿಗೆ. ಆಂಬುಲೆನ್ಸ್ ಹೊರಡುವುದು ಅಲ್ಲಿನ ಮಾತಿನ ಮೇಲೆ. ಎರಡೆರಡು ವಾರಕ್ಕೆ ಒಂದೊಂದು ತುಂಡು ಮಾಡಿ, ಕೊಠಡಿಯ ಮೇಲ್ವಿಚಾರಕರನ್ನು ಕರೆಸಿ ಡೆಮೊ ತೋರಿಸಿ, ಅವರು ಹೇಳಿದ್ದನ್ನು ತಿದ್ದಿ ಮುಂದಿನ ತುಂಡಿಗೆ ಹೋಗುವುದು ಇವರ ಪದ್ಧತಿ. ಡೆಮೊದಲ್ಲಿ ಕರೆ ಮಾಡುವವಳ ಪಾತ್ರ ಯಾವಾಗಲೂ ಕೊಕ್ಕೆಯದೇ. ಕಾಗದದಲ್ಲಿ ಬರೆದುಕೊಂಡ ವಿಳಾಸವನ್ನು ಮನೆ ನಂಬರಿನಿಂದ ಹಿಡಿದು ಅಡ್ಡರಸ್ತೆಯವರೆಗೆ ಬಿಡಿಬಿಡಿಸಿ ಓದುತ್ತಿದ್ದಳು. ಮೇಲ್ವಿಚಾರಕರು ಟೈಪ್ ಮಾಡುತ್ತಿದ್ದರು. ಪರದೆಯ ಮೇಲಿನ ವಿಳಾಸದ ಪೆಟ್ಟಿಗೆ ತುಂಬಿದ ಮೇಲೆಯೇ ‘ಕಳಿಸು’ ಗುಂಡಿಗೆ ಜೀವ ಬರುತ್ತಿತ್ತು. ಒತ್ತಿದರೆ ಹತ್ತಿರದ ಗಾಡಿಯನ್ನು ಸಾಫ್ಟ್‌ವೇರೇ ಆರಿಸಿ ಕಳಿಸುತ್ತಿತ್ತು. ಹದಿನಾರು ಡೆಮೊ, ಹದಿನಾರು ಸಲವೂ ಚಪ್ಪಾಳೆ.

ವಿಳಾಸ ಮೊದಲು, ಉಳಿದದ್ದೆಲ್ಲ ಆಮೇಲೆ ಎಂಬ ತೀರ್ಮಾನ ಮೇಡಂ ಅವರದೇ. ಮೊದಲ ದಿನವೇ ತಂಡವನ್ನು ನಿಲ್ಲಿಸಿಕೊಂಡು ತಮ್ಮ ಮನೆಯ ಕಥೆ ಹೇಳಿದ್ದರು. ಒಂಬತ್ತು ವರ್ಷದ ಹಿಂದೆ ಅವರ ಗಂಡ ಅಡುಗೆಮನೆ ಬಾಗಿಲಲ್ಲಿ ಕುಸಿದು ಬಿದ್ದಿದ್ದರು. ಮೇಡಂ ತುರ್ತು ಸೇವೆಗೆ ಫೋನ್ ಮಾಡಿ, ಗಾಬರಿಯಾಗದೆ ವಿಳಾಸ ಹೇಳಿದ್ದರು. ಆರು ನಿಮಿಷಕ್ಕೆ ಗಾಡಿ ಬಂದಿತ್ತು. ಇನ್ನೆರಡು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಅಂದಿದ್ದರಂತೆ. ‘ನಮ್ಮನೆಯವರು ಇವತ್ತಿಗೂ ನನ್ನ ಜೊತೆ ಜಗಳ ಆಡ್ತಾ ಇದ್ದಾರೆ ಅಂದ್ರೆ ಅದಕ್ಕೆ ಒಂದು ಸರಿಯಾದ ವಿಳಾಸ ಕಾರಣ’ ಎಂದು ಮೇಡಂ ಮಾತು ಮುಗಿಸಿದಾಗ ಆಯ್ತಪ್ಪ ಕಣ್ಣೊರೆಸಿಕೊಂಡಿದ್ದ.

ಅದಾದ ಎರಡನೇ ವಾರವೇ ಕೊಕ್ಕೆ ಒಂದು ಚೀಟಿ ಬರೆದು ತಂದು ಅಂಟಿಸಿದ್ದಳು: ‘ವಿಳಾಸ ಹೇಳೋಕೆ ಆಗದಿದ್ದರೆ?’ ಮೇಡಂ ಓದಿ, ಅಂಥವರು ನೂರಕ್ಕೆ ಎಷ್ಟು ಜನ ಇದ್ದಾರು, ಮೊದಲು ತೊಂಬತ್ತು ಜನರ ಕೆಲಸ ಮುಗಿಸೋಣ ಎಂದು, ಸೊಂಟ ಬಗ್ಗಿಸಿ, ತಮ್ಮ ಕೈಯಾರೆ ಅದನ್ನು ‘ನಂತರ’ಕ್ಕೆ ಅಂಟಿಸಿದ್ದರು. ಆ ಕ್ಷಣಕ್ಕೆ ಅದು ಜಾಣತನವಾಗಿಯೇ ಕಂಡಿತ್ತು. ಎಲ್ಲವನ್ನೂ ಒಟ್ಟಿಗೇ ಮಾಡಹೊರಟು ಒಂದನ್ನೂ ಮುಗಿಸದ ತಂಡಗಳನ್ನು ಅವರು ಬೇಕಾದಷ್ಟು ಕಂಡಿದ್ದರು.

ಈಗ ಸೋಮವಾರ ಬಿಡುಗಡೆ. ಆಫೀಸಿನ ನಿರ್ದೇಶಕರು ಅತಿಥಿಗಳನ್ನು ಕರೆದಾಗಿತ್ತು, ಆಹ್ವಾನಪತ್ರ ಅಚ್ಚಾಗಿತ್ತು, ಬೋರ್ಡಿನ ಚೀಟಿಗಳೆಲ್ಲ ಬಲಗಡೆಗೆ ಸರಿದು ‘ಮುಗೀತು’ ಅಂಕಣ ಹೆರಿಗೆಗೆ ಬಂದವಳಂತೆ ತುಂಬಿಕೊಂಡಿತ್ತು. ಉಳಿದದ್ದು ಒಂದು ಸಹಿ. ಒಪ್ಪಿಗೆಯ ಕಾಗದದ ಕೊನೆಗೆ ಮೇಲ್ವಿಚಾರಕರು ಯಾವಾಗಲೋ ಸೇರಿಸಿದ ಒಂದು ಸಾಲಿತ್ತು: ಕೆಲಸದ ಮುಖ್ಯಸ್ಥರು ಸಹಿಗೆ ಮುಂಚೆ ಒಂದು ಪಾಳಿ ಕರೆ ಕೊಠಡಿಯಲ್ಲಿ ಕೂತು ನೋಡತಕ್ಕದ್ದು. ಎಂಟು ತಿಂಗಳಲ್ಲಿ ಮೇಡಂ ಆ ಕೊಠಡಿಗೆ ಕಾಲಿಟ್ಟಿರಲಿಲ್ಲ. ಪ್ರಶ್ನೆಗಳ ಪಟ್ಟಿ ಕಳಿಸಿ ಉತ್ತರ ತರಿಸಿಕೊಂಡಿದ್ದರು, ಅಷ್ಟೆ. ಗುರುವಾರ ಬೆಳಿಗ್ಗೆ, ಒಂದು ಔಪಚಾರಿಕತೆ ಮುಗಿಸಿ ಬರೋಣವೆಂದು ನೋಟ್‌ಬುಕ್ಕು, ಪೆನ್ನು ಹಿಡಿದು ಹೊರಟರು.

ಕೊಠಡಿ ಮೊದಲನೇ ಮಹಡಿಯಲ್ಲಿತ್ತು. ಕಿಟಕಿಯ ಪರದೆ ಅರ್ಧಕ್ಕಿಳಿಸಿ ಬಿಟ್ಟಿದ್ದರು. ಎಂಟು ಮೇಜು, ಎಂಟು ಜನ, ಎಲ್ಲರ ಕಿವಿಗೂ ಹೆಡ್‌ಫೋನ್. ಎದುರುಗಡೆ ಒಂದು ಗೇಣು ಎತ್ತರದ ಹಲಗೆಯ ಮೇಲೆ ಇನ್ನೊಂದು ಮೇಜು. ಅಲ್ಲಿ ವೈರ್‌ಲೆಸ್ ಹಿಡಿದು ಕೂತವನು ಗಾಡಿಯಣ್ಣ, ಆಂಬುಲೆನ್ಸ್ ಚಾಲಕರ ಜೊತೆ ಮಾತಾಡುವವನು. ಸೋಮವಾರದಿಂದ ಅವನ ಮೇಜು ಮೇಲಿನ ಮಹಡಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಎಲ್ಲವೂ ಪರದೆಯ ಮೇಲೇ ನಡೆಯುವಾಗ ಅವನು ಇಲ್ಲಿ ಕೂತು ಮಾಡುವುದೇನಿದೆ ಎಂದು ಬರೆದುಕೊಟ್ಟವರು ಮೇಡಂ ಅವರೇ.

ಅವರನ್ನು ಕೂರಿಸಿದ್ದು ಮೂರನೇ ಮೇಜಿನ ಪಕ್ಕ. ಅಲ್ಲಿದ್ದವರು ಐವತ್ತು ದಾಟಿದ ಹೆಂಗಸು, ಆ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷ ಸವೆಸಿದವರು. ಕೊಠಡಿಗೆಲ್ಲ ಅವರು ದೊಡ್ಡಮ್ಮ. ಕುರ್ಚಿಗೆ ತೇಪೆ ಹಾಕಿದ ದಿಂಬು, ಮೇಜಿನ ಮೇಲೆ ಮುಚ್ಚಳವಿದ್ದ ನೀರಿನ ಲೋಟ, ರಬ್ಬರ್ ಬ್ಯಾಂಡ್ ಸುತ್ತಿದ ದಪ್ಪ ನೋಟ್‌ಬುಕ್ಕು. ದೊಡ್ಡಮ್ಮ ಒಮ್ಮೆ ತಲೆಯೆತ್ತಿ ನೋಡಿ, ‘ಕೂತ್ಕೊಳ್ಳಮ್ಮ. ಮಾತಾಡ್ಬೇಡ, ಕೇಳಿಸ್ಕೋ’ ಎಂದು ಇನ್ನೊಂದು ಹೆಡ್‌ಫೋನ್ ಕೊಟ್ಟರು. ಇಡೀ ತಂಡಕ್ಕೆ ಹುಕುಂ ಮಾಡಿ ಅಭ್ಯಾಸವಾಗಿದ್ದ ಚೀಟಿ ಮೇಡಂ ಶಾಲೆಯ ಮಗುವಿನ ಹಾಗೆ ಕೂತರು.

ಮೊದಲ ಕರೆ ಬಂತು.

‘ತುರ್ತು ಸೇವೆ. ನಾನಿದ್ದೀನಿ, ಹೇಳಿ’ ಎಂದರು ದೊಡ್ಡಮ್ಮ.

ಅತ್ತ ಕಡೆಯಿಂದ ಬಂದದ್ದು ಮಾತಲ್ಲ. ಒಬ್ಬ ಗಂಡಸು, ಬಿದ್ಬಿಟ್ಟಿದ್ದಾಳೆ, ಬಿದ್ಬಿಟ್ಟಿದ್ದಾಳೆ ಎಂದು ಒಂದೇ ಸಮನೆ ಹೇಳುತ್ತಿದ್ದ. ಯಾರು, ಎಲ್ಲಿ, ಏನು ಎಂಬುದು ಯಾವುದೂ ಇಲ್ಲ. ದೊಡ್ಡಮ್ಮನ ಕಣ್ಣು ಒಂದು ಸಲ ಹಳೆಯ ಪರದೆಯತ್ತ ಹೋಯಿತು. ಫೋನು ನಗರದ ಎರಡನೇ ಅಥವಾ ಮೂರನೇ ಭಾಗದ್ದಿರಬೇಕೆಂದು ಅದು ಅರೆಮನಸ್ಸಿನಿಂದ ತೋರಿಸುತ್ತಿತ್ತು. ಅವರು ಕಣ್ಣು ಮುಚ್ಚಿದರು. ಗಂಡಸಿನ ಕೂಗಿನ ಹಿಂದೆ, ತೀರಾ ಹಿಂದೆ, ಟಣ್ ಟಣ್ ಎಂದು ಏನೋ ಬಡಿದುಕೊಳ್ಳುತ್ತಿತ್ತು. ಮೇಡಂ ಅವರಿಗೆ ಅದು ಕೇಳಿಸಿದ್ದೇ ದೊಡ್ಡಮ್ಮ ಅದನ್ನು ಕೇಳಿದ್ದು ಕಂಡ ಮೇಲೆ. ರೈಲ್ವೆ ಗೇಟಿನ ಗಂಟೆ; ಆ ಎರಡರಲ್ಲಿ ಗೇಟು ಇದ್ದದ್ದು ಮೂರನೇ ಭಾಗದಲ್ಲಿ ಮಾತ್ರ. ದೊಡ್ಡಮ್ಮನ ಎಡಗೈ ಮೇಲೆದ್ದಿತು, ಮೂರು ಬೆರಳು.

ಎದುರು ಹಲಗೆಯ ಮೇಲೆ ಗಾಡಿಯಣ್ಣ ತಲೆಯನ್ನೂ ಪೂರ್ತಿ ತಿರುಗಿಸಲಿಲ್ಲ. ವೈರ್‌ಲೆಸ್ಸಿಗೆ ನಾಲ್ಕು ಮಾತು ಹೇಳಿದ. ಊರಿನ ಎಲ್ಲೋ ಒಂದು ಮೂಲೆಯಲ್ಲಿ ಒಂದು ಗಾಡಿ ಮೂರನೇ ಭಾಗದ ಕಡೆ ಮೂತಿ ತಿರುಗಿಸಿ ಹೊರಟಿತು.

ಗೋಡೆಯ ದೊಡ್ಡ ಗಡಿಯಾರದ ಸೆಕೆಂಡಿನ ಮುಳ್ಳನ್ನು ಮೇಡಂ ಗಮನಿಸಿದ್ದರು. ಹನ್ನೊಂದು ಸೆಕೆಂಡು. ಕರೆ ಮಾಡಿದವನ ಬಾಯಿಂದ ಮನೆಯ ಗುರುತು ಹೊರಬರಲು ಅಲ್ಲಿಂದ ಮುಂದೆ ಒಂದೂವರೆ ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ದೊಡ್ಡಮ್ಮನ ದನಿ ಒಂದು ಎಳೆಯೂ ಏರಲಿಲ್ಲ; ಅವಳ ತಲೆಯ ಕೆಳಗೆ ಕೈ ಕೊಡಿ, ಬಾಗಿಲು ತೆಗೆದಿಡಿ, ನಾನಿದ್ದೀನಿ ಎನ್ನುತ್ತ, ಸಿಕ್ಕುಬಿದ್ದ ನೂಲನ್ನು ಬಿಡಿಸುವ ಹಾಗೆ ಅವನಿಂದ ಒಂದೊಂದೇ ಮಾತು ಬಿಡಿಸಿಕೊಂಡರು. ಬೀದಿಯ ಹೆಸರು ಸಿಗುವ ಹೊತ್ತಿಗೆ ಗಾಡಿ ಆ ಬೀದಿಯ ತಿರುವಿನಲ್ಲಿತ್ತು.

ಚೀಟಿ ಮೇಡಂ ಗಡಿಯಾರದಿಂದ ಕಣ್ಣು ತೆಗೆದರು. ಇಪ್ಪತ್ತು ವರ್ಷ ಯೋಜನೆ ಹಾಕಿದವರು, ತೀರ್ಮಾನ ಕೈಗೊಳ್ಳುವುದು ಹೇಗೆ ಎಂದು ಬೇರೆಯವರಿಗೆ ಪಾಠ ಹೇಳಿದವರು ಅವರು. ಆದರೆ ತೀರ್ಮಾನ ಎಂದರೆ ಇದು ಎಂದು ಅವರಿಗೆ ಆ ದಿನ ಗೊತ್ತಾಯಿತು. ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ಗೊತ್ತಿರುವ ಅರ್ಧಕ್ಕೆ ಗಾಡಿ ಹೊರಡಿಸಿ, ಗೊತ್ತಿಲ್ಲದ ಅರ್ಧವನ್ನು ದಾರಿಯಲ್ಲಿ ಹುಡುಕುವುದು. ತಪ್ಪಾಗಿದ್ದರೆ ಬೆರಳು ಬದಲಾಯಿಸಿದರಾಯಿತು, ಗಾಡಿ ಪಕ್ಕದ ಭಾಗಕ್ಕೆ ತಿರುಗುತ್ತದೆ. ಸುಮ್ಮನೆ ಕಾದ ಹೊತ್ತನ್ನು ಮಾತ್ರ ಯಾರೂ ತಿರುಗಿ ಕೊಡಲಾರರು.

ನಗರಕ್ಕೆ ಐದು ಭಾಗ, ಕೈಗೆ ಐದು ಬೆರಳು. ಈ ಲೆಕ್ಕ ಯಾವ ಕಾಗದದಲ್ಲೂ ಇರಲಿಲ್ಲ. ಯಾರು ಶುರು ಮಾಡಿದ್ದೆಂದು ಕೇಳಿದಾಗ ದೊಡ್ಡಮ್ಮ, ತಾವು ಕೆಲಸಕ್ಕೆ ಸೇರಿದಾಗಲೇ ಇತ್ತು ಎಂದರು. ಮತ್ತೆ ಪ್ರಶ್ನೆಗಳ ಪಟ್ಟಿಯಲ್ಲಿ ಇದನ್ನೇಕೆ ಬರೆಯಲಿಲ್ಲ ಎಂದು ಮೇಡಂ ಕೇಳಿದರು.

‘ಬೆರಳು ಎತ್ತೀರಾ ಅಂತ ನೀವು ಕೇಳಿರಲಿಲ್ಲವಲ್ಲಮ್ಮ’ ಎಂದರು ದೊಡ್ಡಮ್ಮ.

ರಬ್ಬರ್ ಬ್ಯಾಂಡಿನ ನೋಟ್‌ಬುಕ್ಕನ್ನೂ ತೆರೆದು ತೋರಿಸಿದರು. ಗಾಬರಿಯಾದ ಜನ ವಿಳಾಸ ಹೇಳುವುದಿಲ್ಲ, ಕಣ್ಣೆದುರು ಕಂಡದ್ದು ಹೇಳುತ್ತಾರೆ. ಒಡೆದ ಕನ್ನಡಿಯ ಅಂಗಡಿ, ಎರಡು. ಮೂರು ಕಾಲಿನ ನಾಯಿ ಮಲಗುವ ಸೇತುವೆ, ಐದು. ಹೀಗೆ ಇಪ್ಪತ್ತಾರು ವರ್ಷದ ಗಾಬರಿಯೆಲ್ಲ ಸಣ್ಣ ದುಂಡಕ್ಷರದಲ್ಲಿ, ಒಂದೊಂದರ ಮುಂದೆ ಒಂದು ಅಂಕಿಯೊಡನೆ ಸಾಲಾಗಿ ಕೂತಿತ್ತು. ಮೇಡಂ ಅವರ ಗೋಡೆಗಾತ್ರದ ಬೋರ್ಡು ಆ ನೋಟ್‌ಬುಕ್ಕಿನ ಮುಂದೆ ಮಕ್ಕಳಾಟವಾಗಿ ಹೋಯಿತು.

ಪಾಳಿ ಮುಗಿಯುವವರೆಗೂ ಅವರು ಎಣಿಸಿದರು. ಮೂವತ್ತೊಂದು ಕರೆ. ಹತ್ತೊಂಬತ್ತರಲ್ಲಿ ವಿಳಾಸ ಬರುವ ಮುಂಚೆಯೇ ಬೆರಳು ಎದ್ದಿತ್ತು. ಸೋಮವಾರದಿಂದ ಆ ಬೆರಳನ್ನು ನೋಡುವವನು ಮೇಲಿನ ಮಹಡಿಯಲ್ಲಿರುತ್ತಾನೆ; ಪೆಟ್ಟಿಗೆ ತುಂಬುವವರೆಗೆ ಗುಂಡಿಗೆ ಜೀವ ಬರುವುದಿಲ್ಲ; ಹತ್ತೊಂಬತ್ತು ಗಾಡಿಗಳು ನಿಂತಲ್ಲೇ ನಿಂತಿರುತ್ತವೆ. ಸಹಿಯ ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಮೇಡಂ ಮನೆಗೆ ಹೋದರು. ಬಸ್ಸಿನಲ್ಲಿ ತಾವು ಇಳಿಯುವ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದರು.

ಗಂಡ ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರು. ಸಂಜೆ ಐದಕ್ಕೆ ಮನೆಗೆ ಬಂದು, ಅಡುಗೆಮನೆಯ ಮೇಜಿನ ಮೇಲೆ ಮಕ್ಕಳ ಚಿತ್ರಗಳನ್ನು ಹರವಿಕೊಂಡು ಅಂಕ ಹಾಕುತ್ತಿದ್ದರು. ಹೆಂಡತಿ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದದ್ದು ನೋಡಿ, ಏನೋ ಆಗಿದೆ ಎಂದುಕೊಂಡು ಪೆನ್ಸಿಲ್ ಕೆಳಗಿಟ್ಟರು. ಮೇಡಂ ಎಲ್ಲವನ್ನೂ ಹೇಳಿದರು. ಕೊನೆಗೆ, ಪುಣ್ಯಕ್ಕೆ ಆವತ್ತು ನಾನು ವಿಳಾಸ ಸರಿಯಾಗಿ ಹೇಳಿದೆ, ಇಲ್ಲದಿದ್ದರೆ ಏನಾಗುತ್ತಿತ್ತೋ ಎಂದರು.

ಮೇಷ್ಟ್ರು ಚಿತ್ರಗಳನ್ನು ಪಕ್ಕಕ್ಕೆ ಸರಿಸಿದರು. ಈ ಮಾತನ್ನು ಒಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದವರಿಗೆ ಇನ್ನು ಇಡಲಾರೆ ಅನ್ನಿಸಿರಬೇಕು.

‘ನೀನು ವಿಳಾಸ ಹೇಳಲೇ ಇಲ್ಲ ಕಣೇ’ ಎಂದರು.

‘ಏನ್ರೀ ಹಾಗಂದ್ರೆ?’

‘ನನಗೆ ಏಳೋಕೆ ಆಗ್ತಿರ್ಲಿಲ್ಲ, ಕಿವಿ ಕೇಳಿಸ್ತಿತ್ತು. ಫೋನು ಸ್ಪೀಕರ್‌ನಲ್ಲಿತ್ತು. ಎಲ್ಲಿದ್ದೀರಾ ಅಂತ ಆಕೆ ಕೇಳಿದ್ರು. ನೀನು ಗಿಳಿಹಸಿರು ಗೇಟು, ಗಿಳಿಹಸಿರು ಗೇಟು ಅಂತ ಮೂರು ಸಲ ಅಂದೆ. ಅಷ್ಟೇ. ಆಮೇಲೆ ಬರೀ ಅಳು.’

ಆ ಗೇಟಿಗೆ ಗಿಳಿಹಸಿರು ಬಳಿದವರು ಮೇಷ್ಟ್ರೇ, ಶಾಲೆಯ ನಾಟಕದಲ್ಲಿ ಉಳಿದ ಬಣ್ಣ. ಇಡೀ ಬೀದಿ ನಗುತ್ತದೆ ಎಂದು ಮೇಡಂ ಒಂದು ವಾರ ಮಾತು ಬಿಟ್ಟಿದ್ದರು. ಎರಡು ವರ್ಷದ ಹಿಂದೆ ಹಟ ಹಿಡಿದು ಬೂದು ಬಣ್ಣ ಬಳಿಸಿದ ಮೇಲೆಯೇ ಅವರಿಗೆ ಸಮಾಧಾನವಾದದ್ದು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಮೇಡಂ ಕೇಳಿದರು. ನೀನು ಅಷ್ಟು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ, ಉಳಿಸಿದವಳ ಮಾತಿಗೆ ಉಳಿದವನು ಅಡ್ಡ ಬಾಯಿ ಹಾಕುವುದೇ ಎಂದರು ಮೇಷ್ಟ್ರು. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು. ಆ ಹೆಂಗಸು ‘ನಾನಿದ್ದೀನಿ’ ಅಂದದ್ದು ಕೇಳಿ ನೆಲದ ಮೇಲೆ ಬಿದ್ದಿದ್ದ ತಮಗೂ ಧೈರ್ಯ ಬಂದಿತ್ತಂತೆ.

ಮೇಡಂ ಕುರ್ಚಿಯಲ್ಲಿ ಕೂತರು. ಒಂಬತ್ತು ವರ್ಷದ ಹಿಂದೆ ಅದೇ ಕೊಠಡಿಯಲ್ಲಿ ಒಂದು ಕೈ ಮೇಲೆದ್ದಿತ್ತು. ಆ ಕೈಯ ಋಣದಲ್ಲಿ ಈ ಮನುಷ್ಯ ಎದುರಿಗೆ ಕೂತು ಮಕ್ಕಳ ಚಿತ್ರಕ್ಕೆ ಅಂಕ ಹಾಕುತ್ತಿದ್ದಾನೆ. ಆ ಕೈಯನ್ನು ಕೆಳಗಿಳಿಸಲು ತಾನು ಎಂಟು ತಿಂಗಳು ಶ್ರದ್ಧೆಯಿಂದ ದುಡಿದಿದ್ದೇನೆ. ನಡೆಯದೇ ಇದ್ದ ಒಂದು ಕರೆಯ ಮೇಲೆ, ತನ್ನ ಬಾಯಿಂದ ಬರದ ಒಂದು ವಿಳಾಸದ ಮೇಲೆ ಇಡೀ ಕಟ್ಟಡ ನಿಂತಿದೆ. ಅವರು ಗಂಡನ ಕೈ ಹಿಡಿದುಕೊಂಡು, ಆ ಕೈ ಬೆಚ್ಚಗಿದೆಯೆಂದು ಹೊಸದಾಗಿ ಕಂಡವರಂತೆ ನೋಡುತ್ತ ಕೂತರು.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ತಂಡ ಎಂದಿನಂತೆ ನಿಂತಿತ್ತು. ಮೇಡಂ ಮೊದಲ ಬಾರಿಗೆ ಕುರ್ಚಿ ಎಳೆದುಕೊಂಡು ಕೂತರು, ಎಲ್ಲರಿಗೂ ಕೂರಲು ಹೇಳಿದರು. ಆಯ್ತಪ್ಪನಿಗೆ ಅಲ್ಲೇ ಬೆವರೊಡೆಯಿತು. ಕೆಲಸ ಹೋಯಿತು ಎಂದುಕೊಂಡನಂತೆ.

ಈ ತಂಡಕ್ಕೆ ಇಸ್ಪೀಟಿನಂಥದೊಂದು ಎಲೆಯಾಟವಿತ್ತು. ಯಾವ ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ಅಂದಾಜು ಮಾಡುವಾಗ ಪ್ರತಿಯೊಬ್ಬರೂ ಒಂದೊಂದು ಅಂಕಿಯ ಎಲೆಯನ್ನು ಮೇಜಿನ ಮೇಲೆ ಬೋರಲು ಇಟ್ಟು, ಒಟ್ಟಿಗೇ ತಿರುಗಿಸಬೇಕು. ಒಬ್ಬರ ಅಂಕಿ ನೋಡಿ ಇನ್ನೊಬ್ಬರು ಹೊಂದಿಸಿಕೊಳ್ಳಬಾರದು ಎಂಬುದಕ್ಕೆ ಈ ಏರ್ಪಾಡು. ಎಲ್ಲರಿಗಿಂತ ದೊಡ್ಡ ಅಂಕಿ ಇಟ್ಟವರು, ಎಲ್ಲರಿಗಿಂತ ಸಣ್ಣ ಅಂಕಿ ಇಟ್ಟವರು ಯಾಕೆಂದು ಬಾಯಿ ಬಿಡಲೇಬೇಕು. ಕಟ್ಟಿನಲ್ಲಿ ಪ್ರಶ್ನೆಯ ಗುರುತಿನ ಎಲೆಯೂ ಒಂದಿತ್ತು, ನನಗೆ ಗೊತ್ತಿಲ್ಲ ಎನ್ನುವುದಕ್ಕೆ. ಅದನ್ನು ಈವರೆಗೆ ಯಾರೂ ಮುಟ್ಟಿರಲಿಲ್ಲ.

ಮೇಡಂ ಈ ಸಲ ಎಷ್ಟು ದಿನ ಎಂದು ಕೇಳಲಿಲ್ಲ. ನಮ್ಮ ಪರದೆಯಲ್ಲಿ, ಫೋನು ಎತ್ತಿದ ಎಷ್ಟು ಸೆಕೆಂಡಿಗೆ ಗಾಡಿ ಹೊರಡುತ್ತದೆ ಎಂದು ಕೇಳಿದರು. ಎಲೆಗಳು ತಿರುಗಿದವು. ಆಯ್ತಪ್ಪನದು ಇಪ್ಪತ್ತು. ಕೊಕ್ಕೆಯದು ನೂರು. ಮೌನಿಯದು ಪ್ರಶ್ನೆಯ ಗುರುತು.

ಆಯ್ತಪ್ಪ, ಡೆಮೊದಲ್ಲಿ ತಾನೇ ಗಡಿಯಾರ ಹಿಡಿದಿದ್ದೆನೆಂದೂ ಇಪ್ಪತ್ತಕ್ಕಿಂತ ಹೆಚ್ಚು ಆಗಿಯೇ ಇಲ್ಲವೆಂದೂ ಹೇಳಿದ. ಸರದಿ ಕೊಕ್ಕೆಯದು. ಅವಳು ಮೇಡಂ ಮುಖವನ್ನೇ ನೋಡುತ್ತ ಹೇಳಿದಳು:

‘ಹದಿನಾರು ಸಲ ಫೋನ್ ಮಾಡಿದ್ದು ನಾನು. ಹದಿನಾರು ಸಲವೂ ವಿಳಾಸ ನನ್ನ ಕೈಲೇ ಇತ್ತು, ಮೇಡಂ. ನಮ್ಮನೇಲಿ ಯಾರೂ ಬಿದ್ದಿರ್ಲಿಲ್ಲ.’

ಮೇಡಂ ಎದ್ದು, ಬೋರ್ಡಿನ ಬುಡಕ್ಕೆ ಬಗ್ಗಿ, ಅಂಟು ಒಣಗಿ ಸುರುಳಿಯಾಗಿದ್ದ ಹಳೆಯ ಚೀಟಿಯನ್ನು ಕಿತ್ತು ತಂದು ಮೇಜಿನ ನಡುವೆ ಇಟ್ಟರು. ಕೊಠಡಿಯಲ್ಲಿ ಕಂಡದ್ದು, ಗಂಡ ಹೇಳಿದ್ದು, ತಾವು ಮೊದಲ ದಿನ ಹೇಳಿದ ಕಥೆ ಸುಳ್ಳಾಗಿದ್ದು, ಒಂದನ್ನೂ ಬಿಡದೆ ಹೇಳಿದರು.

ಮೊದಲು ಚೇತರಿಸಿಕೊಂಡವನು ಆಯ್ತಪ್ಪ. ವಿಳಾಸ ಕಡ್ಡಾಯ ಎಂಬ ಒಂದು ಸಾಲು ಅಳಿಸಿದರಾಯಿತು, ಹತ್ತು ನಿಮಿಷದ ಕೆಲಸ ಎಂದ. ಕೊಕ್ಕೆ ಬಿಡಲಿಲ್ಲ: ಹತ್ತಿರದ ಗಾಡಿ ಯಾವುದೆಂದು ಲೆಕ್ಕ ಹಾಕುವುದು ವಿಳಾಸದ ಮೇಲೆ, ವಿಳಾಸವೇ ಇಲ್ಲದಿದ್ದರೆ ಲೆಕ್ಕ ಎಲ್ಲಿಂದ ಬಂತು? ಎಲ್ಲವನ್ನೂ ಬಿಚ್ಚಿ ಕಟ್ಟಿದರೆ ಎರಡು ತಿಂಗಳು. ಸೋಮವಾರಕ್ಕೆ ಉಳಿದದ್ದು ಮೂರು ದಿನ. ಹಾಗಾದರೆ ಮುಂದೂಡಬೇಕು ಎಂದು ಒಬ್ಬರು, ಮುಂದೂಡಿದರೆ ಮತ್ತೆ ಕಣ್ಣುಮುಚ್ಚಿ ಎರಡು ತಿಂಗಳು ಕಟ್ಟಿದ ಹಾಗೆಯೇ ಆಯಿತು ಎಂದು ಇನ್ನೊಬ್ಬರು. ಮಾತು ಬೆಳೆಯಿತು. ಹದಿನೈದು ನಿಮಿಷ ಯಾವಾಗಲೋ ಮುಗಿದಿತ್ತು.

ಅಷ್ಟು ಹೊತ್ತಿಗೆ ಮೌನಿ ಎದ್ದು ಬೋರ್ಡಿನ ಬಳಿ ಹೋದಳು. ‘ಮುಗೀತು’ ಅಂಕಣದ ಚೀಟಿಗಳನ್ನು ಒಂದು ಕಡೆಯಿಂದ ತೆಗೆದು ಜಾಗ ಮಾಡಿಕೊಂಡಳು. ಎಂಟು ತಿಂಗಳ ಕೆಲಸ ಅವಳ ಎಡಗೈಯ ಮುಷ್ಟಿಯೊಳಗೆ ಸೇರಿತು. ಆ ಮುಷ್ಟಿಯನ್ನೇ ಬೋರ್ಡಿಗೆ ಒತ್ತಿಕೊಂಡು, ಬಲಗೈಯಿಂದ ಐದು ಚೌಕ ಬರೆದಳು. ಒಳಗೆ ಒಂದರಿಂದ ಐದರವರೆಗೆ ಅಂಕಿ. ಮೇಲೊಂದು ಗಡಿಯಾರ. ಕೆಳಗೆ ವಿಳಾಸದ ಪೆಟ್ಟಿಗೆ.

‘ಇಷ್ಟೇ ಮಾಡೋಣ’ ಎಂದಳು. ‘ಬೆರಳು ಎತ್ತೋದನ್ನ ನಿಲ್ಲಿಸೋದು ಬೇಡ. ಎತ್ತಿದ ಬೆರಳನ್ನ ಒಂದು ಚೌಕದ ಮೇಲೂ ಇಡ್ಲಿ. ಪೆಟ್ಟಿಗೆ ಆಮೇಲೆ ತುಂಬ್ಲಿ. ಮೊದಲು ಒಂದೇ ಮೇಜಿಗೆ ಹಾಕೋಣ. ನಮ್ಮದು ಕೆಟ್ಟರೂ ಅವ್ರ ಕೈ ಇದ್ದೇ ಇರುತ್ತೆ.’

ಅದು ಅವಳ ಒಂದು ತಿಂಗಳ ಮಾತು. ಮೇಡಂ ಆ ಐದು ಚೌಕಗಳನ್ನು ನೋಡುತ್ತ ನಿಂತುಬಿಟ್ಟರು. ಹತ್ತು ನಿಮಿಷದ ಮೋಸವೂ ಅಲ್ಲ, ಎರಡು ತಿಂಗಳ ಕುರುಡೂ ಅಲ್ಲ. ಕೆಟ್ಟರೆ ಕೆಟ್ಟಿತೆಂದು ಆ ದಿನವೇ ತಿಳಿಯುತ್ತದೆ, ತಿಳಿದ ಕ್ಷಣ ಹಿಂದಕ್ಕೆ ಹೋಗಬಹುದು. ಇಷ್ಟು ಸಣ್ಣದು, ಇಷ್ಟು ಸರಿಯಾದದ್ದು ಅವರ ಇಪ್ಪತ್ತು ವರ್ಷದಲ್ಲಿ ಆ ಬೋರ್ಡಿನ ಮೇಲೆ ಬಂದಿರಲಿಲ್ಲ. ಬಂದದ್ದು ಯಾರ ಕೈಯಿಂದ? ‘ನನಗೆ ಗೊತ್ತಿಲ್ಲ’ ಎಂಬ ಎಲೆ ಇಟ್ಟವಳ ಕೈಯಿಂದ. ಮೇಡಂ ಹೊಸ ಚೀಟಿ ತೆಗೆದು, ಅದರ ಮೇಲೆ ಏನೂ ಬರೆಯಲು ತೋಚದೆ, ಖಾಲಿಯಾಗಿಯೇ ‘ಮಾಡ್ತಾ ಇದ್ದೀವಿ’ಗೆ ಅಂಟಿಸಿದರು.

ನಿರ್ದೇಶಕರ ಕೋಣೆಯಲ್ಲಿ ನಡೆದದ್ದನ್ನು ಉದ್ದ ಮಾಡುವುದು ಬೇಡ. ಅತಿಥಿಗಳಿಗೆ ಐದು ಚೌಕ ತೋರಿಸುವುದೇ ಎಂದು ಅವರು ಕೆಂಡವಾದರು. ಯಾರ ತಪ್ಪು ಎಂದು ಕೇಳಿದರು. ನನ್ನದು ಎಂದರು ಮೇಡಂ, ಮೂವತ್ತೊಂದು ಕರೆಯ ಲೆಕ್ಕವನ್ನು ಮುಂದಿಟ್ಟು. ನಿರ್ದೇಶಕರು ಅದನ್ನು ಎರಡು ಸಲ ಓದಿ, ಸಮಾರಂಭ ರದ್ದು ಮಾಡಿದರು. ಮುಂದಿನ ಕೆಲಸಕ್ಕೆ ಬೇರೆ ಮುಖ್ಯಸ್ಥರನ್ನು ನೋಡಬೇಕಾಗಬಹುದು ಎಂದೂ ತಣ್ಣಗೆ ಹೇಳಿದರು. ಗಾಡಿಯಣ್ಣನ ಮೇಜು ಮಾತ್ರ ಕೆಳಗೇ ಉಳಿಯಿತು. ಮೇಡಂ ಅವರಿಗೆ ಅಷ್ಟು ಸಾಕಾಗಿತ್ತು.

ಸೋಮವಾರ ಬೆಳಿಗ್ಗೆ, ನಿಜವಾದ ಕರೆ ಬರುವ ಮುಂಚೆ ಒಂದು ಪರೀಕ್ಷೆ. ದೊಡ್ಡಮ್ಮನ ಮೇಜಿನ ಮೇಲೆ ಐದು ಚೌಕದ ಪರದೆ. ಎಂದಿನಂತೆ ಕರೆ ಮಾಡಲು ಕೊಕ್ಕೆ ಎದ್ದಳು. ದೊಡ್ಡಮ್ಮ ತಲೆಯಾಡಿಸಿ, ಚೀಟಿ ಮೇಡಂ ಕಡೆ ಕೈ ಮಾಡಿ, ಈ ಸಲ ನೀನು ಹೋಗಿ ಮಾಡಮ್ಮ ಎಂದರು. ಕೊಕ್ಕೆ ಫೋನನ್ನು ಮೇಡಂ ಕೈಗಿತ್ತಳು. ವಿಳಾಸದ ಕಾಗದ ಎಲ್ಲಿ ಎಂದು ಅವರು ಕೇಳಿದಾಗ, ‘ಈ ಸಲ ಕಾಗದ ಇಲ್ಲ, ಮೇಡಂ’ ಎಂದಳು.

ಮೇಡಂ ಹೊರಗಿನ ಮೊಗಸಾಲೆಗೆ ಬಂದು ಬಾಗಿಲೆಳೆದುಕೊಂಡರು. ಗಾಜಿನ ಕಿಟಕಿಯಿಂದ ದೊಡ್ಡಮ್ಮನ ಬೆನ್ನು ಕಾಣುತ್ತಿತ್ತು, ಅದರಾಚೆ ಗಾಡಿಯಣ್ಣನ ಮುಖ. ಏನಾದರೊಂದು ವಿಳಾಸ ಕಟ್ಟಿ ಹೇಳಿದರಾಯಿತು ಎಂದುಕೊಂಡು ಗುಂಡಿ ಒತ್ತಿದರು.

‘ತುರ್ತು ಸೇವೆ. ನಾನಿದ್ದೀನಿ, ಹೇಳಿ.’

ಕಿವಿಗೆ ಅಂಟಿದ ಫೋನಿನೊಳಗಿಂದ ಆ ದನಿ ಬಂದದ್ದೇ ತಡ, ಅಡುಗೆಮನೆಯ ಬಾಗಿಲು ಕಣ್ಣೆದುರು ಬಂತು. ನೆಲದ ತಣ್ಣನೆಯ ಕಲ್ಲು, ಮಗುಚಿ ಬಿದ್ದ ಲೋಟ, ಗಂಡನ ಅರ್ಧ ತೆರೆದ ಕಣ್ಣು. ಒಂಬತ್ತು ವರ್ಷ ಎಲ್ಲಿ ಅಡಗಿತ್ತೋ, ಒಟ್ಟಿಗೇ ಬಂತು. ಮೇಡಂ ಬಾಯಿ ತೆರೆದರು. ಮನೆ ನಂಬರು ಇಲ್ಲ, ಬೀದಿ ಇಲ್ಲ. ಎಷ್ಟೋ ಹೊತ್ತಾದ ಮೇಲೆ ಎಂಬಂತೆ ಅವರ ಬಾಯಿಂದ ಬಂದದ್ದು ಎರಡೇ ಮಾತು.

‘ಗಿಳಿಹಸಿರು ಗೇಟು.’

ಗಾಜಿನ ಆಚೆ ದೊಡ್ಡಮ್ಮ ತಿರುಗಿ ನೋಡಲಿಲ್ಲ. ನೋಟ್‌ಬುಕ್ಕಿನ ರಬ್ಬರ್ ಬ್ಯಾಂಡನ್ನೂ ಬಿಚ್ಚಲಿಲ್ಲ. ಬಲಗೈ ಪರದೆಯ ಒಂದು ಚೌಕದ ಮೇಲೆ ಕೂತಿತು, ಎಡಗೈ ಮೇಲೆದ್ದಿತು. ಹಲಗೆಯ ಮೇಲಿನ ಗಾಡಿಯಣ್ಣ ಆಗಲೇ ವೈರ್‌ಲೆಸ್ಸಿಗೆ ಬಾಯಿ ಇಟ್ಟಿದ್ದ.

ನಾಲ್ಕು ಬೆರಳು.

ಮೇಡಂ ಅವರ ಮನೆ ಇರುವುದು ನಾಲ್ಕನೇ ಭಾಗದಲ್ಲಿ. ಅದನ್ನು ಅವರು ಆ ಕೊಠಡಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೊಸ ಪರದೆಯ ಗಡಿಯಾರ ಒಂಬತ್ತು ಸೆಕೆಂಡು ತೋರಿಸುತ್ತಿತ್ತು, ಅದರ ಕೆಳಗೆ ವಿಳಾಸದ ಪೆಟ್ಟಿಗೆ ಖಾಲಿ ಇತ್ತು.